ಹುಳಿಮಣ್ಣಿನ ಕಳ್ಳರು

ನಮ್ಮ ಭಾವನವರು, ಅಂದರೆ ನಮ್ಮ ಯಜಮಾನರ ಅಣ್ಣ, ತಮ್ಮ ಜೀವಮಾನದಲ್ಲಿ ಉಪ್ಪಿನಕಾಯಿ ನೆಕ್ಕಿದ್ದಕ್ಕಿಂತ ಮಣ್ಣು ನೆಕ್ಕಿದ್ದೇ ಹೆಚ್ಚು ಎಂದರೆ ನೀವು ನಗುತ್ತೀರಿ. ನಗಿ. ಅವರ ಎದುರಿಗೆ ನಗುವ ಧೈರ್ಯ ನಮಗೆ ಯಾರಿಗೂ ಇರಲಿಲ್ಲ, ಈಗಲಾದರೂ ಒಟ್ಟಿಗೆ ನಗೋಣ!

ಜಗತ್ತಿನಲ್ಲಿ ಅವರು ನಂಬಿದ ಪ್ರಾಣಿ ಯಾವುದೂ ಇರಲಿಲ್ಲ. ಹಾಲು ತಂದವಳು ನೀರು ಬೆರೆಸಿದ್ದಾಳೆಂದು ಅನುಮಾನ. ನೀರು ತಂದವಳು ಬೇರೆ ಬಾವಿಯಿಂದ ತಂದಿದ್ದಾಳೆಂದು ಅನುಮಾನ. ಪಂಚಾಂಗದವರು ಇವತ್ತು ಅಮಾವಾಸ್ಯೆ ಎಂದರೆ, ಕತ್ತಲಾದ ಮೇಲೆ ಅಂಗಳಕ್ಕೆ ಹೋಗಿ ಆಕಾಶವನ್ನು ಒಮ್ಮೆ ತನಿಖೆ ಮಾಡಿಯೇ ಊಟಕ್ಕೆ ಕೂರುವವರು! ಅವರು ನಂಬಿದ್ದು ಒಂದನ್ನೇ, ತಮ್ಮ ನಾಲಿಗೆಯನ್ನು. "ಕಣ್ಣಿಗೆ ಬೂದಿ ಎರಚಬೌದು, ಕಿವಿಗೆ ಸುಳ್ಳು ಊದಬೌದು. ನಾಲಿಗಿಗೆ ಏನ್ ಮಾಡ್ತೀರಿ?" ಎನ್ನುವುದು ಅವರ ವೇದವಾಕ್ಯ. ಹೊನ್ನಾಳಿಗೋ ನ್ಯಾಮತಿಗೋ ಸಂತೆಗೆ ಹೋದರೆ, ಬರುವಾಗ ಹೆಗಲಿನ ವಸ್ತ್ರದ ನಾಲ್ಕು ತುದಿಗೆ ನಾಲ್ಕು ಊರಿನ ಮಣ್ಣು ಗಂಟು ಬಿದ್ದಿರುತ್ತಿತ್ತು. ಮೆಣಸಿನಕಾಯಿ ತರುವುದು ಮಾತ್ರ ಮರೆತುಹೋಗಿರುತ್ತಿತ್ತು.

ನಾನು ಜಗಳೂರು ಸೀಮೆಯವಳು. ದೊಡ್ಡ ಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚೆ ಉಬ್ರಾಣಿ ಕಡೆಯ ಈ ಗುಡ್ಡದ ಬುಡದ ಊರಿಗೆ ಸೊಸೆಯಾಗಿ ಬಂದೆ. ಮೂರು ದಿನ ಗಾಡಿಯಲ್ಲಿ ಕುಲುಕಿ ಕುಲುಕಿ ನಮ್ಮ ದಿಬ್ಬಣ ಇವರ ಮನೆ ಮುಂದೆ ನಿಂತಾಗ, ಉಳಿದವರೆಲ್ಲ ಮದುಮಗಳನ್ನು ನೋಡಿದರೆ ಭಾವನವರು ಗಾಡಿಯ ಚಕ್ರ ನೋಡಿದರು. ಚಕ್ರದ ನಡುವಿನ ಸಂದಿಯಲ್ಲಿ ಒಣಗಿದ್ದ ಮಣ್ಣನ್ನು ಕಡ್ಡಿಯಿಂದ ಕೆರೆದರು. ನಾಲಿಗೆಗೆ ಇಟ್ಟುಕೊಂಡರು. ಕಣ್ಣು ಮುಚ್ಚಿದರು. ಇಡೀ ದಿಬ್ಬಣ ಉಸಿರು ಹಿಡಿದು ನಿಂತಿತು!

"ಇದು ಹೊನ್ನಾಳಿ ಕಡೆ ಎರೆಮಣ್ಣು. ಈ ಗಾಡಿ ನಿಮ್ಮದಲ್ಲ," ಅಂದರು.

ನಮ್ಮಪ್ಪನ ಮುಖ ಸಪ್ಪಗಾಯಿತು. ಬೀಗರ ಮುಂದೆ ಮರ್ಯಾದೆಗೆಂದು ಹೊನ್ನಾಳಿಯ ನೆಂಟರ ಒಳ್ಳೇ ಗಾಡಿಯನ್ನು ಕೇಳಿ ತಂದಿದ್ದರು, ಪಾಪ. ಆದರೆ ಅಪ್ಪನೂ ಬಿಟ್ಟುಕೊಡುವ ಆಸಾಮಿಯಲ್ಲ. "ಗಾಡಿ ಎರವಲಿಂದೇ ಬೀಗ್ರೇ. ಮಗಳು ಮಾತ್ರ ನಂದೇ," ಅಂದರು. ಭಾವನವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ನನ್ನನ್ನೂ ಎಲ್ಲಿ ನೆಕ್ಕಿ ನೋಡುತ್ತಾರೋ ಎಂದು ನಾನು ಸೆರಗು ಬಿಗಿ ಹಿಡಿದೆ!

ಇನ್ನು ಅವರ ಗುಡ್ಡದ ಹೊಲದ ಕಥೆ. ಹೊಲ ಎನ್ನುವುದಕ್ಕಿಂತ ಅದನ್ನು ಗೋಡೆಗೆ ಒರಗಿಸಿಟ್ಟ ಚಾಪೆ ಎನ್ನಬೇಕು, ಅಷ್ಟು ಕಡಿದು. ಮಳೆಗಾಲ ಪೂರ್ತಿ ಮಂಜು, ಸೋನೆ. ಕುಂಕುಮದಂಥ ಕೆಂಪು ಜೇಡಿಮಣ್ಣು, ಎರಡಾಳುದ್ದ ಅಗೆದರೂ ಕಲ್ಲು ಸಿಗದು. ನೋಡಿದರೆ ಬಂಗಾರ ಬೆಳೆಯಬೇಕು. ಬೆಳೆಯುತ್ತಿದ್ದದ್ದು ಗೇಣುದ್ದದ ರಾಗಿ, ಅದೂ ಹಳದಿ ಬಣ್ಣದ್ದು! ಒದ್ದೆಯಾದರೆ ಕಾಲಿಗೆ ಮೆತ್ತಿಕೊಂಡು, ಹೋಗುವಾಗ ಇಬ್ಬರಾಗಿದ್ದವರು ಬರುವಾಗ ನಾಲ್ವರ ತೂಕವಾಗುತ್ತಿದ್ದೆವು. ಆ ಮಣ್ಣಿಗೆ ಹುಣಸೆಕಾಯಿಯ ಹುಳಿ ಐತೆ ಎಂದು ಭಾವನವರ ತೀರ್ಪು. ಹುಳಿ ಮುರಿಯಲು ಸುಣ್ಣ ಬೇಕಲ್ಲ? ಊರಿನ ಗಂಡಸರೆಲ್ಲ ಬೀಗರಿಂದ ಪಂಚೆ, ಪಾತ್ರೆ ಕೇಳಿದರೆ ಇವರು ನಮ್ಮಪ್ಪನಿಂದ ಕೇಳಿದ್ದು ಜಗಳೂರಿನ ಸುಣ್ಣದ ಹರಳು. ಮೊದಲ ಹಬ್ಬಕ್ಕೆ ತವರಿಗೆ ಹೋದವಳು ಒಂದು ಗಾಡಿ ಸುಣ್ಣದ ಹರಳಿನ ಮೇಲೆ ಕೂತು ವಾಪಸು ಬಂದೆ. ಬೀದಿಯ ಹೆಂಗಸರು ಬಾಯಿಗೆ ಸೆರಗಿಟ್ಟುಕೊಂಡು ಒಳಗೋಡಿದರು.

ಒಮ್ಮೆ ಸರ್ಕಾರದ ಕಡೆಯ ಸಾಹೇಬರೊಬ್ಬರು ಬಂದು, ಆ ಮಣ್ಣನ್ನು ನೀರಿನಲ್ಲಿ ಕಲಸಿ ನೀಲಿ ಕಾಗದ ಅದ್ದಿದರು. ಕಾಗದ ಕೆಂಪಾಯಿತು. "ಮಣ್ಣು ಹುಳಿ ಇದೆ," ಎಂದರು ಸಾಹೇಬರು. ಬೇರೆಯವರಾಗಿದ್ದರೆ ತಮ್ಮ ಮಾತೇ ನಿಜವಾಯಿತೆಂದು ಹಿಗ್ಗುತ್ತಿದ್ದರು. ಭಾವನವರಿಗೆ ಅನುಮಾನ! ಸಾಹೇಬರು ಹೋದ ಮೇಲೆ ತಮ್ಮನ ಕಿವಿಯಲ್ಲಿ, "ಕಾಗದಕ್ಕೆ ರುಚಿ ಹೆಂಗೆ ಗೊತ್ತಾಗ್ತೈತೋ? ನಾನು ಆ ಕಡಿ ತಿರುಗಿದಾಗ ಆಸಾಮಿ ನೆಕ್ಕಿರ್ಬೇಕು," ಅಂದರಂತೆ.

ನಗೆಯ ಮಾತು ಇಷ್ಟಿರಲಿ. ಭಾವನವರ ಹೆಂಡತಿ, ನನ್ನ ಓರಗಿತ್ತಿ, ನಾನು ಅಕ್ಕ ಎಂದೇ ಕರೆಯುತ್ತಿದ್ದ ಮಹಾತಾಯಿ, ಮೂರು ಸಲ ಬಸುರಾಗಿ ಮೂರನ್ನೂ ಕಳೆದುಕೊಂಡಿದ್ದರು. ಯಾವುದೂ ಐದು ತಿಂಗಳು ದಾಟಿರಲಿಲ್ಲ. ಮೊದಲ ಸಲ ಭಾವನವರಿಗೆ ಸೂಲಗಿತ್ತಿಯ ಮೇಲೆ ಅನುಮಾನ, ಎರಡನೇ ಸಲ ಬಾವಿಯ ಮೇಲೆ. ಮೂರನೇ ಸಲ ಇಡೀ ಮನೆಯ ಮೇಲೆಯೇ ಅನುಮಾನ ಬಂದು, ನೆಲದ ಮಣ್ಣು ನೆಕ್ಕಿ, ಸುರಿಯುವ ಮಳೆಯಲ್ಲಿ ಅಕ್ಕನನ್ನು ಗಾಡಿ ಹತ್ತಿಸಿ ಸವಳಂಗದ ನೆಂಟರ ಮನೆಗೆ ಸಾಗಿಸಿದ್ದರಂತೆ. ಹಗಲೆಲ್ಲ ಪಕ್ಕದಲ್ಲೇ ಕೂತು, ಅಕ್ಕ ಕೆಮ್ಮಿದರೆ ಏಳುವುದು, ಸೀನಿದರೆ ಏಳುವುದು.

ನಾನು ಬಂದ ಮೂರನೇ ವರ್ಷ ಅಕ್ಕ ಒಂದು ದಿನ ರಾಗಿ ಬೀಸುತ್ತಾ, ಕಲ್ಲಿನ ಸದ್ದಿನ ಮರೆಯಲ್ಲಿ ನನಗೆ ಹೇಳಿದರು, ಮತ್ತೆ ಎರಡು ತಿಂಗಳಾಗಿದೆ ಎಂದು.

"ಅವರಿಗೆ ಹೇಳಬ್ಯಾಡ ತಂಗಿ. ಅವರ ಹೆದರಿಕೆ ನನ್ನ ಹೊಟ್ಟಿಗೆ ಇಳೀತೈತೆ. ಐದು ತುಂಬಿದ ಮೇಲೆ ನಾನೇ ಹೇಳ್ತೀನಿ."

ನಾನು ಬೀಸುಕಲ್ಲು ಮುಟ್ಟಿ ಮಾತು ಕೊಟ್ಟೆ. ಆದರೆ ಬಯಕೆಗೆ ಯಾರ ಮಾತಿನ ಕಟ್ಟು? ಅಕ್ಕನಿಗೆ ಹುಣಸೆ ಬೇಡ, ಮಾವು ಬೇಡ, ಗುಡ್ಡದ ಹೊಲದ ಆ ಹುಳಿಮಣ್ಣೇ ಬೇಕು! ದಿನಾ ಬುತ್ತಿ ಒಯ್ಯುವ ನೆಪ ಇತ್ತಲ್ಲ. ಬುತ್ತಿ ಕೊಟ್ಟು ಹಿಂದಿರುಗುವಾಗ ಮೇಲಿನ ಬದುವಿನಲ್ಲಿ ಬೆರಳಿನಿಂದ ಒಂದಿಷ್ಟು ಕೆರೆದು ಬಾಯಿಗೆ ಹಾಕಿಕೊಂಡು, ಒಂದಿಷ್ಟು ಸೆರಗಿಗೆ ಕಟ್ಟಿಕೊಂಡು ಬರುವುದು.

ಹದಿನೈದು ದಿನದಲ್ಲಿ ಬದುವಿನಲ್ಲಿ ಇಲಿ ಕೊರೆದಂತೆ ತೂತುಗಳು. ಯಾರ ಕಣ್ಣಿಗೆ ಬೀಳಬೇಕು ಹೇಳಿ? ಜಗತ್ತನ್ನೇ ಅನುಮಾನಿಸುವ ಮನುಷ್ಯನ ಮಣ್ಣನ್ನೇ ಯಾರೋ ಕದಿಯುತ್ತಿದ್ದಾರೆ! ಮೊದಲು ಕಾಡುಹಂದಿಯ ಮೇಲೆ ಸಂಶಯ. ಆಮೇಲೆ ಕುಂಬಾರರ ಮೇಲೆ. ಕೊನೆಗೆ ಮೇಲ್ಹೊಲದ ಮಾವನ ಮೇಲೆ. ಈ ಮಾವ ಭಾವನವರಿಗಿಂತ ಹತ್ತು ವರ್ಷ ಹಿರಿಯ, ಚಿಕ್ಕಂದಿನಿಂದ ಇವರನ್ನು ಅಳಿಯಾ ಎಂದೇ ಕರೆದ ಸ್ನೇಹಿತ. ತೂತುಗಳು ಅವರ ಬಾಂದುಗಲ್ಲಿನ ಹತ್ತಿರವೇ ಇದ್ದವು ಎಂಬುದೇ ಅವರ ಅಪರಾಧ. ಇವತ್ತು ಚಿಟಿಕೆ, ನಾಳೆ ಬುಟ್ಟಿ, ನಾಡಿದ್ದು ಗಡಿಯ ಕಲ್ಲೇ ಕೆಳಗಿಳಿಯುತ್ತದೆ ಎಂದು ಭಾವನವರು ಬದುವಿನ ಮೇಲೆ ನಿಂತು ಕೂಗಿದರು.

ಮಾವ ಬಾಯಲ್ಲಿದ್ದ ಎಲೆಅಡಿಕೆ ಉಗಿದು ನಿಧಾನವಾಗಿ, "ಅಳಿಯಾ, ನನ್ನ ಹೊಲದಾಗೂ ಇದೇ ದರಿದ್ರ ಮಣ್ಣೈತೆ. ಬೇಕಾದ್ರೆ ನೀನೇ ನಾಕು ಗಾಡಿ ಹೊಡಕಂಡು ಹೋಗು, ಪುಣ್ಯ ಬರ್ತೈತೆ," ಅಂದರು.

ಭಾವನವರಿಗೆ ಈ ಉದಾರತನವೇ ದೊಡ್ಡ ಸಾಕ್ಷಿ! ಕಳ್ಳನಲ್ಲದವನು ನಾಲ್ಕು ಗಾಡಿ ಕೊಡುತ್ತಾನೆಯೇ? ಸೋಮವಾರ ಚನ್ನಗಿರಿಗೆ ಹೋಗಿ ಅರ್ಜಿ ಕೊಡುವುದೆಂದು ನಿಶ್ಚಯವಾಯಿತು. ಮನೆಯೊಳಗೆ ಅಕ್ಕನೂ ನಾನೂ ಇಕ್ಕಟ್ಟಿಗೆ ಸಿಕ್ಕಿದೆವು. ನಿಜ ಹೇಳಿದರೆ ಅಕ್ಕನ ಬಸುರು ಭಾವನವರ ಹೆದರಿಕೆಯ ಕೈಗೆ ಸಿಗುತ್ತದೆ. ಹೇಳದಿದ್ದರೆ ಮುದುಕನೊಬ್ಬ ಕಳ್ಳನಾಗುತ್ತಾನೆ. ಇನ್ನು ಮಣ್ಣು ಮುಟ್ಟುವುದಿಲ್ಲ ಎಂದು ಅಕ್ಕ ಶನಿವಾರ ಶಪಥ ಮಾಡಿದರು. ಭಾನುವಾರ ಬುತ್ತಿಯ ಜೊತೆ ಶಪಥವನ್ನೂ ಗುಡ್ಡದ ಮೇಲೆ ಬಿಟ್ಟು ಬಂದರು.

ಅಷ್ಟರಲ್ಲಿ ಭಾವನವರು ತೂತಿನ ಸುತ್ತ ಒಲೆಯ ಬೂದಿ ಹರಡಿದ್ದರು. ಅಕ್ಕ ಮನೆ ಸೇರಿ ಸ್ವಲ್ಪ ಹೊತ್ತಿಗೆ ಅವರೂ ಬಂದರು, ಕೈಯಲ್ಲಿ ಒಂದು ರಾಗಿ ಕಡ್ಡಿ. ಬೂದಿಯಲ್ಲಿ ಮೂಡಿದ ಹೆಜ್ಜೆಯ ಅಳತೆಗೆ ಮುರಿದುಕೊಂಡು ಬಂದಿದ್ದರು. ಹೆಜ್ಜೆ ಸಣ್ಣದು, ಹೆಂಗಸಿನದು, ಕಾಲುಂಗುರದ ಗುರುತೂ ಇದೆ. ಅವರ ಅನುಮಾನ ನೆಟ್ಟಗೆ ಹೊರಗಿನಿಂದ ಬಂದವಳ ಮೇಲೆ, ನನ್ನ ಮೇಲೆ! ಆದರೆ ತಮ್ಮನ ಹೆಂಡತಿಯ ಕಾಲು ಮುಟ್ಟುವುದುಂಟೆ? ಕಡ್ಡಿಯನ್ನು ಅಕ್ಕನ ಕೈಗೆ ಕೊಟ್ಟು, ಆ ಹುಡುಗಿಯ ಕಾಲಿಗೆ ಹಿಡಿದು ನೋಡು ಎಂದರು.

ಬಾಗಿಲ ಮರೆಯಲ್ಲಿ ಅಕ್ಕ ನನ್ನ ಕಾಲಿನ ಹತ್ತಿರ ಕೂತರು. ಕಡ್ಡಿ ನನ್ನ ಪಾದಕ್ಕಿಂತ ಎರಡು ಬೆರಳು ಉದ್ದ. ಅಕ್ಕ ತಲೆಯೆತ್ತಿ ನನ್ನ ಮುಖ ನೋಡಿದರು. ಅವರ ತುಟಿಯ ಅಂಚಿನಲ್ಲಿ ಇನ್ನೂ ಮಣ್ಣಿನ ಕೆಂಪು ಇತ್ತು. ಅದುವರೆಗೆ ಭಾವನವರ ಜೊತೆ ನೇರ ಮಾತಾಡದಿದ್ದವಳು ನಾನು, ಬಾಗಿಲ ಹಿಂದಿನಿಂದಲೇ ಬಾಯಿ ಬಿಟ್ಟೆ.

"ಅಳತಿ ಸರಿ ಐತೆ ಭಾವ. ನಾನೇ."

"ಯಾಕೆ?"

"ತಿನ್ನಾಕೆ."

"ರುಚಿ ಹೆಂಗೈತೆ?" ಅಂದರು.

ಅಯ್ಯೋ ದೇವರೇ, ನಾನು ಆ ಮಣ್ಣನ್ನು ಯಾವತ್ತು ಬಾಯಿಗಿಟ್ಟಿದ್ದೆ? ಹುಳಿ ಎಂದು ಅವರೇ ಸಾವಿರ ಸಲ ಹೇಳಿದ್ದು ಆ ಗಾಬರಿಯಲ್ಲಿ ನೆನಪಾದರೆ ತಾನೆ! "ಸಪ್ಪಗೈತೆ," ಅಂದುಬಿಟ್ಟೆ.

ಬಾಗಿಲ ಸಂದಿಯಿಂದ ನೋಡಿದೆ. ಭಾವನವರು ನನ್ನ ಬಾಗಿಲಿನ ಕಡೆ ನೋಡುತ್ತಿರಲಿಲ್ಲ. ಹೊರಗೆ ಬಂದು ನಿಂತಿದ್ದ ಅಕ್ಕನನ್ನು ನೋಡುತ್ತಿದ್ದರು, ಅವರ ತುಟಿ, ಆಮೇಲೆ ಸೆರಗಿನ ಗಂಟು. ಕಡ್ಡಿ ಇಸಕೊಂಡು ಎರಡು ತುಂಡು ಮಾಡಿ ಒಲೆಗೆ ಹಾಕಿದರು.

"ಆಯ್ತು. ತಿನ್ನೋರು ಇನ್ನು ಗುಡ್ಡ ಹತ್ತಬ್ಯಾಡ್ರಿ. ಜಾರ್ತೈತೆ," ಎಂದಷ್ಟೇ ಹೇಳಿ, ಊಟಕ್ಕೂ ನಿಲ್ಲದೆ ಹೋದರು.

ಸೋಮವಾರ ಚನ್ನಗಿರಿಗೆ ಹೋಗಲಿಲ್ಲ. ಕಳ್ಳ ಸಿಕ್ಕನೇನೋ ಅಳಿಯಾ ಎಂದು ಮೇಲ್ಹೊಲದ ಮಾವ ಕೇಳಿದರೆ, ಹಂದಿ ಕಾಟ ಎಂದರಂತೆ. ಮುಂದಿನ ದಿನಗಳಲ್ಲಿ ಬುತ್ತಿ ಒಯ್ದದ್ದು ನಾನು. ಹೊಲದ ಮೂಲೆಯಲ್ಲಿ ಭಾವನವರು ಆಳುದ್ದ ಗುಂಡಿ ತೋಡಿಕೊಂಡು ಒಳಗೆ ನಿಂತಿರುತ್ತಿದ್ದರು, ಮೇಲಿನಿಂದ ನೋಡಿದರೆ ರುಮಾಲು ಮಾತ್ರ ಕಾಣುತ್ತಿತ್ತು. ಹುಳು, ಬೇರು, ಗೊಬ್ಬರ ಸೋಕದ ತಳದ ಮಣ್ಣು ತೆಗೆಯುವುದು, ನೆಕ್ಕುವುದು, ತಲೆಯಾಡಿಸಿ ಎಸೆಯುವುದು. ಒಪ್ಪಿಗೆಯಾದ ಹೆಂಟೆಯನ್ನು ಕೆಂಡದ ಮೇಲೆ ಸುಟ್ಟು, ಆರಿಸಿ, ಕೊಟ್ಟಿಗೆಯ ಗೂಡಿನಲ್ಲಿ ಇಡುವುದು. ಯಾರಿಗೆಂದು ಹೇಳಲಿಲ್ಲ. ಗೂಡು ದಿನಾ ಖಾಲಿಯಾಗುತ್ತಿತ್ತು. ಯಾರು ತೆಗೆದರೆಂದು ಕೇಳಲಿಲ್ಲ. ಅಕ್ಕ ಕೆಮ್ಮಿದರೆ ಏಳಲಿಲ್ಲ. ಏಳದಿರಲು ಕಂಬವನ್ನು ಹಿಡಿದುಕೊಳ್ಳುತ್ತಿದ್ದರು, ನಾನೇ ನೋಡಿದ್ದೇನೆ.

ಹೆಣ್ಣು ಕೂಸು ಹುಟ್ಟಿತು, ಉಳಿಯಿತು, ಬೀದಿಗೆಲ್ಲ ಕೇಳುವಂತೆ ಅತ್ತಿತು. ಆದರೆ ನನಗೆ ಈಗಲೂ ಕಣ್ಣಿಗೆ ಕಟ್ಟುವುದು ಐದು ತಿಂಗಳು ತುಂಬಿದ ಆ ಬೆಳಿಗ್ಗೆ. ಅಕ್ಕ ಜಗುಲಿಯಲ್ಲಿ ಕೂತಿದ್ದ ಗಂಡನಿಗೆ, ಹೊಸ ಸುದ್ದಿಯೆಂಬಂತೆ ತಲೆತಗ್ಗಿಸಿ ವಿಷಯ ಹೇಳಿದರು.

"ಹೌದಾ?" ಅಂದರು ಭಾವನವರು.

ಊರಿನವರ ಸುಳ್ಳನ್ನೆಲ್ಲ ಹಿಡಿದ ಮನುಷ್ಯನಿಗೆ ತಾನೊಂದು ಸುಳ್ಳು ಹೇಳಲು ಬರಲಿಲ್ಲ. ಆಶ್ಚರ್ಯಪಡಲೆಂದು ಹುಬ್ಬು ಮೇಲೆತ್ತಿದರು, ಹುಬ್ಬು ಅಲ್ಲೇ ನಿಂತಿತು, ಕಣ್ಣು ಮಾತ್ರ ತುಂಬಿ ಬಂತು. ಅಕ್ಕ ಅವರ ಕೈ ನೋಡಿದರು. ಒಂದೊಂದು ಉಗುರಿನ ಸಂದಿಯಲ್ಲೂ ಆಳದ ಕೆಂಪು ಮಣ್ಣು ಕೂತಿತ್ತು. ಅಕ್ಕ ಒಳಗೆ ಹೋಗಿ ಚೊಂಬಿನಲ್ಲಿ ಬಿಸಿನೀರು ತಂದು, ಪಕ್ಕದಲ್ಲಿ ಕೂತು, ಒಂದೊಂದೇ ಬೆರಳನ್ನು ತೊಳೆದರು.