ಭಾವನ ಲಿಸ್ಬನ್ ತಪಾಸಣೆ

ಎರಡು ಸಾವಿರದ ಎಂಟನೆಯ ಇಸವಿಯ ಸೆಪ್ಟೆಂಬರ್ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ನಾನು ಕುವೈತಿನ ಮಂಗಫ್‌ನಲ್ಲಿ, ನಮ್ಮ ಕಟ್ಟಡದ ಫೈರ್ ಎಕ್ಸಿಟ್ ಮೆಟ್ಟಿಲ ಮೇಲೆ, ಆರನೆಯ ಮಹಡಿಗೂ ಏಳನೆಯ ಮಹಡಿಗೂ ನಡುವೆ ನಿಂತಿದ್ದೆ. ಬಲಗೈ ಕಂಬಿಯ ಮೇಲಿತ್ತು. ಇದು ನನ್ನ ಹೇಳಿಕೆ. ನನ್ನ ಭಾವನ ಪ್ರಕಾರ ಆ ಹೊತ್ತಿನಲ್ಲಿ ನಾನು ನಿಂತಿದ್ದದ್ದು ಪೋರ್ಚುಗಲ್ ದೇಶದ ಲಿಸ್ಬನ್ ನಗರದಲ್ಲಿ!

ಭಾವ ಎಂದರೆ ನನ್ನ ಅಕ್ಕನ ಗಂಡ. ಎಣ್ಣೆ ಘಟಕದ ಒಂದು ಗುತ್ತಿಗೆ ಕಂಪನಿಯಲ್ಲಿ ಸೇಫ್ಟಿ ಸೂಪರ್‌ವೈಸರ್. ಬೆಳಿಗ್ಗೆ ಕೆಲಸ ಸುರುವಾಗುವ ಮೊದಲು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಇವತ್ತು ಯಾವ ಯಾವ ವಿಧದಲ್ಲಿ ಸಾಯಬಹುದು ಎಂದು ವಿವರಿಸುವುದು ಅವರ ಉದ್ಯೋಗ. ಸೇಫ್ಟಿಯನ್ನು ಅಲ್ಲೇ ಬಿಟ್ಟು ಮನೆಗೆ ಬರಬಹುದಿತ್ತು. ಬಿಡುತ್ತಿರಲಿಲ್ಲ. ನಮ್ಮವರ ಒಂದು ಮದುವೆಯ ಮುನ್ನಾದಿನದ ರೋಸ್ ಸಮಾರಂಭದಲ್ಲಿ, ಮದುಮಗಳಿಗೆ ತೆಂಗಿನ ಹಾಲು ಹಚ್ಚಲು ನಿಂತ ನೆಂಟರನ್ನೆಲ್ಲ ತಡೆದು, ನೆಲ ಜಾರುತ್ತದೆಂದು ಗೋಣಿಚೀಲ ಹಾಸಿಸಿದ ಪುಣ್ಯಾತ್ಮ ಇವರು! ಮದುಮಗಳ ಫೋಟೊಗಳಲ್ಲಿ ಇವತ್ತಿಗೂ ಗೋಣಿಚೀಲವೇ ಎದ್ದು ಕಾಣುತ್ತದೆ.

ಲಿಸ್ಬನ್ ಅಕ್ಕನ ಆಸೆ. ಅವಳು ಜಹ್ರಾದ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತಿದ್ದಳು. ಅಲ್ಲಿನ ಗೋಡೆಯ ಕ್ಯಾಲೆಂಡರಿನಲ್ಲಿ ಆ ಊರಿನ ಚಿತ್ರವಿತ್ತು. ಗುಡ್ಡದಿಂದ ನದಿಯವರೆಗೂ ಕೆಂಪು ಹಂಚಿನ ಮಾಡುಗಳು. ಕುವೈತಿನಲ್ಲಿ ಎಲ್ಲಿ ನೋಡಿದರೂ ಚಪ್ಪಟೆ ತಾರಸಿ, ನೀರಿನ ಟ್ಯಾಂಕು, ಡಿಶ್ಶು.

"ಆ ಗುಡ್ಡದ ಮೇಲೆ ನಿಂತು ಅಷ್ಟೂ ಹಂಚು ಒಮ್ಮೆ ಕಣ್ತುಂಬ ನೋಡ್ಬೇಕು ಮಾರಾಯಾ. ಈ ವರ್ಷವೇ," ಎಂದಳು.

"ಮುಂದಿನ ವರ್ಷ ಹೋದ್ರೆ ಹಂಚು ಹಾರಿ ಹೋಗ್ತದಾ?" ಎಂದೆ.

ಅವಳು ನಗಲಿಲ್ಲ. ನಾವು ನಾಲ್ವರು ಹೊರಡುವುದೆಂದಾಯಿತು: ಅಕ್ಕ, ಭಾವ, ನಾನು, ನನ್ನ ಹೆಂಡತಿ ಲವೀನಾ.

ಕುವೈತಿನಲ್ಲಿ ಗುಡ್ಡ ಎಲ್ಲಿದೆ? ಇಲ್ಲ. ಆದ್ದರಿಂದ ಭಾವನ ಅಪ್ಪಣೆಯಂತೆ ಫೈರ್ ಎಕ್ಸಿಟ್ಟೇ ಲಿಸ್ಬನ್ನಿನ ಗುಡ್ಡ! ಶುಕ್ರವಾರ ಬಂತೆಂದರೆ ಬೂಟು ಹಾಕಿ, ನೀರಿನ ಬಾಟಲಿ ಹಿಡಿದು ನಾಲ್ವರೂ ಹತ್ತುವ ಮಾಕ್ ಡ್ರಿಲ್. ಕಟ್ಟಡ ಕಾಯುವ ಈಜಿಪ್ಟಿನ ಮನುಷ್ಯ ಪ್ರತಿ ಸಲವೂ ಗಾಬರಿಯಿಂದ ಓಡಿಬಂದು ಲಿಫ್ಟಿನ ಬಾಗಿಲು ತೆರೆದು ಹಿಡಿಯುತ್ತಿದ್ದ. "ಲಿಫ್ಟ್ ಗುಡ್, ಬಾಬಾ! ಯಲ್ಲಾ, ಲಿಫ್ಟ್!"

"ಲಿಸ್ಬನ್‌ನಲ್ಲಿ ಲಿಫ್ಟ್ ಇಲ್ಲ," ಎಂದು ಭಾವ ಅವನಿಗೆ ಕನ್ನಡದಲ್ಲೇ ತಿಳಿಸಿದರು.

ಇದು ಸುಳ್ಳು. ಲಿಸ್ಬನ್‌ನಲ್ಲಿ ಬೀದಿಯ ನಡುವೆಯೇ ಜಗತ್ತಿಗೆಲ್ಲ ಗೊತ್ತಿರುವ ಒಂದು ಹಳೆಯ ಲಿಫ್ಟ್ ಇದೆ. ಅಲ್ಲಿಗೆ ಹೋದ ಮೇಲೆ, ಎಷ್ಟು ಭಾರ ತಡೆಯುತ್ತದೆಂಬ ಫಲಕ ಕಾಣಲಿಲ್ಲವೆಂದು ಭಾವ ಅದರೊಳಗೆ ನಮಗೆ ಕಾಲಿಡಲು ಬಿಡಲಿಲ್ಲ, ಅಷ್ಟೆ.

ಬಿಡದೆ ಇದ್ದದ್ದು ಅದೊಂದೇ ಅಲ್ಲ. ಕೋಟೆ ಬೇಡ, ದೊಡ್ಡ ಚೌಕ ಬೇಡ, ಹಳದಿ ಟ್ರಾಮು ಬೇಡ. "ಜನ ಹೆಚ್ಚಿದ್ದಲ್ಲಿ ಎಕ್ಸಿಟ್ ಇರುದಿಲ್ಲ," ಎಂದು ಒಂದೇ ಮಾತು. ಹೀಗಾಗಿ ಪ್ರವಾಸಿಗಳು ಯಾರೂ ಹೋಗದ ಕೇರಿಗಳಲ್ಲಿ, ಮೊರಾರಿಯಾದ ಹಿಂಬದಿ, ಗ್ರಾಸಾದ ಓಣಿಗಳು, ಹೆಸರೇ ಬರೆಯದ ಸಂದಿಗಳು, ನಮ್ಮ ಮೆರವಣಿಗೆ. ಭಾವ ಮುಂದೆ, ಅಕ್ಕ ಅವರ ಬೆನ್ನಿಗೆ ಅಂಟಿಕೊಂಡು, ಹಿಂದೆ ನಾವು. ಬೇರೆಯವರು ಯುರೋಪಿನ ಇತಿಹಾಸ ನೋಡುತ್ತಾರೆ; ನಾವು ಯುರೋಪಿನ ಚರಂಡಿ ಮುಚ್ಚಳ ನೋಡಿದೆವು. ಹೆಜ್ಜೆಗೊಂದು ಕೂಗು: "ಮೆಟ್ಟಿಲು! ಇಳಿಜಾರು! ಎಡಕ್ಕೆ ಹೊಂಡ! ತಲೆ!"

"ತಲೆಗೆ ಎಂತ ಭಾವ?" ಎಂದಳು ಲವೀನಾ.

"ಮೇಲೆ ಬಟ್ಟೆ ಒಣಗ್ಲಿಕ್ಕೆ ಹಾಕಿದ್ದಾರೆ."

"ಬಟ್ಟೆ ತಾಗಿದ್ರೆ ಯಾರಾದ್ರೂ ಸಾಯ್ತಾರಾ?"

"ಒದ್ದೆ ಬಟ್ಟೆ," ಎಂದರು ಭಾವ, ಗಂಭೀರವಾಗಿ.

ಒಂದು ಓಣಿಯಲ್ಲಿ ಅಜ್ಜಿಯೊಬ್ಬಳು ಬಾಗಿಲ ಬಳಿ ಕೆಂಡದ ಮೇಲೆ ಮೀನು ಸುಡುತ್ತಿದ್ದಳು. ಕಿಟಕಿಯ ಪರದೆ ಹತ್ತಿರವಿತ್ತು. ಸೇಫ್ಟಿ ಸುಮ್ಮನಿರುತ್ತದೆಯೇ? ಭಾವ ಹೋಗಿ ಒಲೆಯನ್ನೇ ಎಳೆದರು! ಅಜ್ಜಿ ಪೋರ್ಚುಗೀಸಿನಲ್ಲಿ ಬೈದಳು. ಇವರು ಅರಬ್ಬಿಯಲ್ಲಿ ಉತ್ತರಿಸಿದರು. ಗಲ್ಫಿನಲ್ಲಿ ಮಾಗಿದ ನಮ್ಮವರಿಗೆ ಪರದೇಶದವರೆಂದರೆ ಅರಬ್ಬಿ ತಿಳಿದವರೆಂದೇ ಲೆಕ್ಕ. "ಖತರ್, ಮಾಮಾ, ಖತರ್!" ಅಂದರೆ ಅಪಾಯ. ಅವಳಿಗೆ ಏನು ಅರ್ಥವಾಯಿತೋ, ಹಸಿದ ಮನುಷ್ಯ ಪಾಪ ಎಂದುಕೊಂಡು ರೊಟ್ಟಿಯ ಮೇಲೆ ಎರಡು ಮೀನಿಟ್ಟು ಕೊಟ್ಟಳು. ಭಾವ ಅಲ್ಲೇ ನಿಂತು ಮುಳ್ಳು ಬಿಡಿಸಿ ತಿಂದರು. ಅಪಾಯ ಖಲಾಸ್!

ಇನ್ನೊಂದು ಕಡೆ ಎದುರಿನಿಂದ ಪೊಲೀಸನೊಬ್ಬ ಬಂದ. ಭಾವನ ಕೈ ತಾನಾಗಿ ಜೇಬಿಗೆ ಹೋಗಿ, ಕುವೈತಿನ ಸಿವಿಲ್ ಐಡಿ ಕಾರ್ಡು ಹೊರಬಂತು. ನಗಬೇಡಿ, ನನ್ನದೂ ಬಂದಿತ್ತು. ಅಷ್ಟು ವರ್ಷ ಅಲ್ಲಿ ಬದುಕಿದವನ ಕೈಗೆ ಪೊಲೀಸ್ ಟೋಪಿ ಕಂಡಾಗ ಬೇರೆ ಕೆಲಸ ತಿಳಿಯುವುದಿಲ್ಲ. ಅವನು ಎರಡೂ ಕಾರ್ಡು ತಿರುಗಿಸಿ ನೋಡಿ, ಫೋಟೊ ಚೆನ್ನಾಗಿದೆ ಎನ್ನುವಂತೆ ತಲೆಯಾಡಿಸಿ, ಹಿಂದಕ್ಕೆ ಕೊಟ್ಟು ಹೋದ.

ಪ್ರತಿ ಸಂಜೆ ಅಕ್ಕ ಕೇಳುತ್ತಿದ್ದಳು: "ಗುಡ್ಡಕ್ಕೆ ಯಾವಾಗ?"

"ನಾಳೆ. ದಾರಿ ಕ್ಲಿಯರ್ ಆಗ್ಲಿಲ್ಲ."

"ನಿಮ್ಮ ನಾಳೆ ನಾಳೆಯಲ್ಲಿ ವಿಮಾನ ಬರ್ತದೆ ಭಾವ," ಎಂದು ನಾನು ಸಿಟ್ಟಿನಿಂದ ಹೇಳಿದೆ. "ಅವಳು ಕೇಳಿದ್ದು ಅದೊಂದೇ. ಅದನ್ನೂ ತೋರಿಸುದಿಲ್ವಾ?"

ದಿನಾ ಬೆಳಿಗ್ಗೆ ನಾವು ಏಳುವ ಮೊದಲೇ ಭಾವ ಒಬ್ಬರೇ ಹೊರಗೆ ಹೋಗಿ, ಅಂಗಿ ಬೆನ್ನಿಗೆ ಅಂಟುವಷ್ಟು ಬೆವರಿ ಬರುತ್ತಿದ್ದರು. ಲಿಸ್ಬನ್ನಿಗೆ ಸೇಫ್ಟಿ ಪರ್ಮಿಟ್ ಕೊಡಲು ಹೋಗುತ್ತಾರೆ ಎಂದು ನಾನೂ ಲವೀನಾಳೂ ನಕ್ಕೆವು.

ಕೊನೆಯ ದಿನ ಭಾವ ನಮ್ಮನ್ನು ಗುಡ್ಡಕ್ಕೆ ಹೊರಡಿಸಿದರು. ಯಾವುದೋ ಲಾಂಡ್ರಿಯ ಹಿಂದಿನಿಂದ ಏರುವ ಓಣಿ. ಅದರ ಗೋಡೆಗೆ ಕೆಳಗಿನಿಂದ ತುದಿಯವರೆಗೆ ಕಬ್ಬಿಣದ ಕಂಬಿಯಿತ್ತು, ಎಲ್ಲಿಯೂ ತುಂಡಾಗದೆ. ಅಕ್ಕ ಅದನ್ನು ಹಿಡಿದು, ಮಂಗಫ್‌ನಲ್ಲಿ ಹತ್ತಿದಂತೆಯೇ ಹತ್ತಿದಳು. ಮೇಲೆ ಸಣ್ಣ ಕಟ್ಟೆ, ಒಂದು ಬೆಂಚು, ಅದರ ಮೇಲೆ ನಾಯಿಯೊಡನೆ ಒಬ್ಬ ಮುದುಕ. ಕೆಳಗೆ ನದಿಯವರೆಗೂ ಹಂಚು, ಹಂಚು, ಹಂಚು.

ಅಕ್ಕ ಕಟ್ಟೆಗೆ ಎರಡೂ ಕೈಯೂರಿ ನಿಂತಳು. ನಾನು ಅವಳ ಎಡಕ್ಕೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿದ್ದೆ. ಆದ್ದರಿಂದ ಅವಳು ಹೇಳಿದ್ದು ಸರಿಯಾಗಿ ಕೇಳಿಸಿತು.

"ನೀವು ಹೇಳಿ," ಎಂದಳು ಭಾವನಿಗೆ. "ನನಗೆ ಕೆಂಪು ಮಾತ್ರ ಕಾಣ್ತದೆ."

ಅವಳ ಕಣ್ಣು ಹೋಗುತ್ತಿತ್ತು. ಡಾಕ್ಟರು ಹೇಳಿ ವರ್ಷ ದಾಟಿತ್ತು. ಭಾವನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಶುಕ್ರವಾರ ಮಂಗಫ್‌ನಲ್ಲಿ ಆಡಿದ ಮಾತು ಮರುದಿನವೇ ಜಹ್ರಾದ ಕ್ಲಿನಿಕ್ಕಿಗೆ ಮುಟ್ಟುತ್ತದೆ, ಕೆಲಸ ಹೋಗುತ್ತದೆ. ಇದೆಲ್ಲ ಲವೀನಾ ಆಮೇಲೆ ಅಕ್ಕನಿಂದ ಕೇಳಿ ತಿಳಿದದ್ದು. ಆಗ ನನಗೆ ಗೊತ್ತಾದದ್ದು, ಆ ಕೂಗಾಟದಲ್ಲಿ ಒಂದೂ ನಮಗಾಗಿ ಇರಲಿಲ್ಲವೆಂಬುದು ಮಾತ್ರ.

ಭಾವ ಅವಳ ಹಿಂದೆ ನಿಂತು, ಅವಳ ಬೆರಳು ಹಿಡಿದು ತೋರಿಸುತ್ತ ಹೋದರು. ಮೊದಲ ಸಲ ಅವರ ದನಿ ತಗ್ಗಿತ್ತು.

"ಎದುರಿಗೆ ಉದ್ದದ ಮಾಡು. ಹೊಸ ಹಂಚು, ಕಿತ್ತಳೆ ಬಣ್ಣ. ಅದರ ಆಚೆ ಹಳೇದು, ಪಾಚಿ ಹಿಡಿದದ್ದು, ಕಪ್ಪು ಕೆಂಪು. ಈಚೆ ಸಣ್ಣ ಮಾಡು. ಅದರ ಮೇಲೆ ಒಂದು ಬೆಕ್ಕು."

"ಎಂತ ಮಾಡ್ತದೆ?"

"ಮಲಗಿದೆ."

"ಬೀಳ್ತದಾ?"

ಬೆಕ್ಕು ಮಾಡಿನ ತೀರಾ ಅಂಚಿನಲ್ಲಿತ್ತು. ಅದರ ಕೆಳಗಿನ ಹಂಚು ಒಡೆದು ಜೋತುಬಿದ್ದಿತ್ತು. ಪಕ್ಕದ ಚಿಮಣಿ ವಾಲಿತ್ತು. ನಾನು ನೋಡುತ್ತಿದ್ದೆ. ಭಾವನೂ ನೋಡುತ್ತಿದ್ದರು.

"ಇಲ್ಲ," ಎಂದರು. "ಬೀಳುದಿಲ್ಲ."

ಭಾವ ಈಗಿಲ್ಲ. ಬೆಂಚಿನ ಮೇಲೆ ನಾಯಿ ಕಟ್ಟಿಕೊಂಡು ಕೂತಿದ್ದ ಮುದುಕನ ಸಂಗತಿ ನನಗೆ ತಿಳಿಯದು. ಅಂದು ಆ ಬೆಕ್ಕನ್ನು ಕಂಡವರಲ್ಲಿ ಇವತ್ತಿಗೂ ಬದುಕಿರುವವರು ನಾನು, ಲವೀನಾ ಮತ್ತು ಅಕ್ಕ.