ಗಾಯವಿಲ್ಲದವರ ಹಿಂದೆ ಬಿದ್ದವನು

ಇದನ್ನು ಬರೆಯುವುದನ್ನು ಬಹಳ ವರ್ಷ ತಳ್ಳಿದ್ದೇನೆ. ಅಮಾವಾಸ್ಯೆ ಕಳೆಯಲಿ ಅಂದೆ, ಜೋಳದ ರಾಶಿ ಮುಗಿಯಲಿ ಅಂದೆ, ಕಣ್ಣಿನ ಪೊರೆ ತೆಗೆಸಿಕೊಳ್ಳುತ್ತೇನೆ ಅಂದೆ. ಈಗ ಎಲ್ಲ ಮುಗಿದಿದೆ, ನೆಪ ಉಳಿದಿಲ್ಲ.

ನನ್ನ ಷಡ್ಡಕನಿಗೆ, ಅಂದರೆ ಹೆಂಡತಿಯ ತಂಗಿಯ ಗಂಡನಿಗೆ, ಗಾಯಾಳುಗಳೆಂದರೆ ತಾತ್ಸಾರ! ಅಫಜಲಪುರದಲ್ಲಿ ಮೂರುಗಾಲಿಯ ಟಂಟಂ ಗಾಡಿ ಓಡಿಸುತ್ತಾನೆ. ದಾರಿಯಲ್ಲಿ ಯಾರೋ ಬಿದ್ದು, ಮೊಣಕಾಲು ಒಡೆದು ಅಳುತ್ತಿದ್ದರೆ ಅರಿವೆ ಕಟ್ಟಿ ಬೇರೆ ಗಾಡಿ ಹತ್ತಿಸಿಬಿಡುತ್ತಾನೆ. ಬಿದ್ದವನು ಧೂಳು ಕೊಡವಿಕೊಂಡು ಎದ್ದು ನಕ್ಕನೋ, ಕೆಟ್ಟ!

ಗೊಬ್ಬೂರದ ಹತ್ತಿರ ಒಮ್ಮೆ ಬಸ್ಸು ಹೊಲಕ್ಕಿಳಿದು ವಾಲಿತ್ತು. ಕೈ ಮುರಿದವರನ್ನು ಜನ ಎತ್ತುತ್ತಿದ್ದರು. ಇವನು ಬದುವಿನ ಮೇಲೆ ಕೂತು ಬಾಳೆಹಣ್ಣು ಸುಲಿಯುತ್ತಿದ್ದ ವ್ಯಾಪಾರಿಯೊಬ್ಬನನ್ನು ಹಿಡಿದ.

“ಎಲ್ಲಿ ನೋವದರಿ?”

“ಎಲ್ಲೂ ಇಲ್ರಿ.”

“ಹಂಗಾದ್ರ ಏಳ್ರಿ, ದವಾಖಾನಿಗೆ.”

ಬಸ್ಸು ವಾಲಿದಾಗ ಹರಿಯದ ಅಂಗಿ, ಇವನು ಗಾಡಿ ಹತ್ತಿಸುವಾಗ ಹರಿಯಿತು.

ಆಳಂದದ ಮದುವೆಯೊಂದರಲ್ಲಿ ಮದುಮಗ ಕುದುರೆಯಿಂದ ಜಾರಿ ಬಿದ್ದು, ಎಲ್ಲರಿಗಿಂತ ಮೊದಲು ತಾನೇ ನಕ್ಕ. ಅಷ್ಟೇ ತಪ್ಪು. ಇವನು ಕಾಜಿ ಸಾಹೇಬರನ್ನು ಕಾಯಲು ಹೇಳಿ, ಮುಖದ ಮೇಲಿನ ಹೂವಿನ ಸೆಹ್ರಾ ಸಮೇತ ಅವನನ್ನು ಕಲಬುರ್ಗಿಗೆ ಒಯ್ದ. ಹೊಟ್ಟೆಗೆ ಜೆಲ್ ಹಚ್ಚಿ ಸ್ಕ್ಯಾನ್ ಮಾಡಿದ ಡಾಕ್ಟರು ಒಳಗೇನೂ ಇಲ್ಲ ಎಂದರು. “ಎಲ್ಲಿಂದ ಇರತದರಿ? ಮುಂಜಾನಿಂದ ಚಹಾ ಸೈತ ಕುಡಿಸಿಲ್ಲ ಇವ್ರು,” ಅಂದ ಮದುಮಗ.

ಒಮ್ಮೆ ಮಾತ್ರ ನಮ್ಮ ನಗೆ ನಿಂತಿತ್ತು. ಟ್ರ್ಯಾಕ್ಟರಿನಿಂದ ಬಿದ್ದು ನಡೆದುಕೊಂಡೇ ಮನೆಗೆ ಹೊರಟಿದ್ದ ಕೊಳಕೂರದ ರೈತನನ್ನು ಎಳೆದೊಯ್ದಿದ್ದ. ನಾಡಿ ಸರಿ, ಬಿಪಿ ಸರಿ, ಮೊದಲ ಸ್ಕ್ಯಾನೂ ಸರಿ. ಇವನು ಕದಲಲಿಲ್ಲ. ಸಂಜೆ ಡಾಕ್ಟರು ಮತ್ತೆ ನೋಡಿದರೆ ಲಿವರ್ ಸೀಳಿ ಹೊಟ್ಟೆಯೊಳಗೆ ರಕ್ತ ಇಳಿಯುತ್ತಿತ್ತು. ರೈತ ಬದುಕಿದ. ಬಜಾರು ಒಂದು ವಾರ ಸುಮ್ಮನಿದ್ದು, ಮತ್ತೆ ನಗಲು ಶುರು ಮಾಡಿತು.

ನೋವಿಲ್ಲ ಅಂದವರನ್ನೇ ಯಾಕೆ ಹಿಡಿಯುತ್ತೀಯೋ ಎಂದು ಕೇಳಿದರೆ ಅವನದು ಒಂದೇ ಉತ್ತರ: “ನಮ್ಮಕಿ ಜೀವ ಹೋಗೂಮುಂದ ಎಲ್ಲೂ ನೋವಿಲ್ಲ ಅಂದಿದ್ಲು.”

ಹಾಗೆಂದು ಅವನಿಗೆ ಹೇಳಿದವನು ನಾನು.

ಯಡ್ರಾಮಿಯಿಂದ ನನ್ನ ಬೈಕಿನ ಹಿಂದೆ ಬರುತ್ತಿದ್ದ ಅವನ ಹೆಂಡತಿ, ರಸ್ತೆಯ ಹಂಪಿನ ಮೇಲೆ ಬೈಕು ಹಾರಿದಾಗ ಬಿದ್ದಳು. ಎದ್ದಳು, ನೆರಿಗೆ ಸರಿಮಾಡಿಕೊಂಡಳು, ನನಗೆ ಬೈದಳು. ಬೈಯುವವಳಿಗೆ ಏನಾದೀತು ಎಂದುಕೊಂಡೆ. ನಮ್ಮ ಮನೆಗೆ ಬಂದ ಮೇಲೆ ಹೊಟ್ಟೆ ನೋವು ಅಂದಳು, ಎಡಭುಜ ಎಳೆಯುತ್ತದೆ ಅಂದಳು. ಹೊಕ್ಕುಳ ಬಟ್ಟಿ ಸರಿದಿರಬೇಕೆಂದು, ನಮ್ಮ ಕಡೆ ಎಲ್ಲರೂ ಮಾಡುವಂತೆ, ಓಣಿಯ ಮುದುಕಿಯಿಂದ ಅದರ ಸುತ್ತ ಎಣ್ಣೆ ಹಚ್ಚಿ ತಿಕ್ಕಿಸಿದೆ. ಮೈ ತಣ್ಣಗಾದಾಗಲೇ ಜೇವರ್ಗಿಯ ದವಾಖಾನೆಗೆ ಒಯ್ದದ್ದು. ಎಡಪಕ್ಕೆಯ ಗುಲ್ಮ ಒಡೆದು ಹೊಟ್ಟೆ ತುಂಬ ರಕ್ತ ಎಂದು ಡಾಕ್ಟರು ಹೇಳುವ ಹೊತ್ತಿಗೆ ಅವಳಿರಲಿಲ್ಲ.

ಸುದ್ದಿ ತಿಳಿದು ಓಡಿ ಬಂದ ಷಡ್ಡಕ ದವಾಖಾನೆಯ ಬಾಗಿಲಲ್ಲೇ ಕೇಳಿದ: “ಅಣ್ಣಾ, ಎಲ್ಲರೆ ನೋವದ ಅಂದಿದ್ಲೇನ್ರಿ?”

ಇಲ್ಲ ಅಂದೆ.

ಆ ಒಂದು ಮಾತನ್ನು ನಂಬಿಕೊಂಡು, ಇಷ್ಟು ವರ್ಷ ಊರೂರಲ್ಲಿ ನಗೆಗೀಡಾಗುತ್ತ, ನೋವಿಲ್ಲ ಅಂದವರ ಹಿಂದೆ ಓಡುತ್ತಿದ್ದಾನೆ. ನಗುವವರ ನಡುವೆ ನಾನೂ ನಿಂತಿರುತ್ತೇನೆ.

ಆಕಿ ನೋವು ಅಂದಿದ್ಲಪ್ಪ. ನಿನ್ನನ್ನ ಕರೀರಿ ಅಂತನೂ ಅಂದಿದ್ಲು, ಶರಣಪ್ಪ.