ನಾನು ಬಾಯಿ ಮುಚ್ಚಿಸಿದ ಸಿನಿಮಾ

ಭಾನುವಾರ ಮಧ್ಯಾಹ್ನ ಮೂರು ಗಂಟೆ ಎರಡು ನಿಮಿಷ. ಥಾಣೆ ಜಿಲ್ಲೆಯ ನೆರೂಳದ ನಮ್ಮ ಕನ್ನಡ ಬಳಗದ ಸಭಾಂಗಣದಲ್ಲಿ, ನಲವತ್ತೊಂದು ಹೆಂಗಸರಿಗೆ ಬೆನ್ನು ಕೊಟ್ಟು, ಗೋಡೆಗೆ ಮುಖ ಮಾಡಿ ನಾನು ಕುಳಿತಿದ್ದೆ. ಎಡಗೈಯಲ್ಲಿ ಸ್ಟಾಪ್‌ವಾಚ್, ಬಲಗೈಯಲ್ಲಿ ರಿಮೋಟ್, ತೊಡೆಯ ಮೇಲೊಂದು ಪಟ್ಟಿ. ಅಶ್ಲೀಲತೆಯಿಂದ ಬಳಗದ ಮಾನ ಕಾಪಾಡುವ ಹೊಣೆ ಆ ಕ್ಷಣ ಪೂರ್ತಿಯಾಗಿ ನನ್ನ ಬಲಗೈ ಹೆಬ್ಬೆರಳಿನ ಮೇಲಿತ್ತು!

ಇದೆಲ್ಲ ಶುರುವಾದದ್ದು ನನ್ನ ಹೆಂಡತಿ ಪ್ರಭಾ ಬಳಗದ ಮಹಿಳಾ ವಿಭಾಗದ ಕಾರ್ಯದರ್ಶಿ ಆದಾಗ. ತಿಂಗಳಿಗೊಂದು ಭಾನುವಾರ, ಮೂರು ಗಂಟೆ ಕಾಲ, ಸಭಾಂಗಣ ಹೆಂಗಸರದು. ಅಲ್ಲಿ ಒಂದು ಸಿನಿಮಾ. ಇಷ್ಟು ದಿನ ಸಿನಿಮಾ ಆರಿಸುತ್ತಿದ್ದದ್ದು ಕಮಿಟಿಯ ಗಂಡಸರು. ಆರಿಸುತ್ತಿದ್ದದ್ದು ಭಕ್ತಿ ಚಿತ್ರ. ಹೆಂಗಸರು ಅಚ್ಚುಕಟ್ಟಾಗಿ ನಿದ್ದೆ ಮಾಡಿ ಎದ್ದು, ಇಡ್ಲಿ ತಿಂದು ಮನೆಗೆ ಹೋಗುತ್ತಿದ್ದರು.

"ಈ ಸಲ ನಾವೇ ಆರಿಸ್ತೇವೆ," ಅಂದಳು ಪ್ರಭಾ. ಆರಿಸಿದ್ದು ಒಂದು ಹಿಂದಿ ಹಾಸ್ಯ ಚಿತ್ರ. ಮೂವರು ವಾರಗಿತ್ತಿಯರು. ಕಿರಿಯವಳ ಗಂಡನಿಗೆ ರಜೆ ಸಿಗುವುದಿಲ್ಲ, ಹನಿಮೂನ್ ಬುಕಿಂಗ್ ರದ್ದು ಮಾಡುವಂತಿಲ್ಲ. ಸರಿ, ಮೂವರೂ ಸೇರಿ ಹನಿಮೂನ್ ಸೂಟಿಗೆ ಹೊರಟೇಬಿಡುತ್ತಾರೆ! ಗುಲಾಬಿ ಪಕಳೆ, ಟವೆಲ್ಲಿನ ಹಂಸ, ಒಂದು ಗುಂಡನೆಯ ಮಂಚ. ಮೂರು ದಿನ ಅವರು ಗಂಡಂದಿರ ಬಗ್ಗೆ ಆಡುವ ಮಾತಿಗೇ ಚಿತ್ರಕ್ಕೆ 'ಎ' ಪ್ರಮಾಣಪತ್ರ ಸಿಕ್ಕಿತ್ತು.

ಅಧ್ಯಕ್ಷ ಗುಂಡಣ್ಣ ಧಾರವಾಡದ ಕಡೆಯವರು. "ಆತ್ರಿ, ಹಾಕ್ರಿ. ಆದ್ರ ಒಂದು ದೂರು ಬಂತಂದ್ರ ಮುಗೀತು ನೋಡ್ರಿ. ಮುಂದಿನ ತಿಂಗಳಿಂದ ಆ ಭಾನುವಾರ ಕ್ಯಾರಂನವರಿಗೆ."

ಕ್ಯಾರಂ ತಂಡ ಎರಡು ವರ್ಷದಿಂದ ಆ ಮೂರು ಗಂಟೆಯ ಮೇಲೆ ಕಣ್ಣಿಟ್ಟಿತ್ತು. ಪ್ರಭಾಳ ಮುಖ ಸಣ್ಣದಾಯಿತು. ಅದನ್ನು ನೋಡಿದ್ದೇ ನನ್ನೊಳಗಿನ ವೀರ ಎದ್ದು ನಿಂತ!

ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಭೌತಶಾಸ್ತ್ರ ಓದಿದವನು. ಇಪ್ಪತ್ತಾರು ವರ್ಷದಿಂದ ಥಾಣೆಯ ವಾಗ್ಳೆ ಎಸ್ಟೇಟ್‌ನ ಒಂದು ಪ್ರಯೋಗಾಲಯದಲ್ಲಿ ಕಾರ್ಖಾನೆಗಳ ಪ್ರೆಶರ್ ಗೇಜುಗಳು ನಿಜ ಹೇಳುತ್ತವೋ ಸುಳ್ಳು ಹೇಳುತ್ತವೋ ಪರೀಕ್ಷಿಸುವುದೇ ನನ್ನ ಕೆಲಸ.

"ಸಿನಿಮಾ ನಾನು ಮೊದಲೇ ನೋಡ್ತೀನಿ," ಅಂದೆ. "ಕೆಟ್ಟ ಮಾತು ಬರೋ ಕ್ಷಣಗಳನ್ನೆಲ್ಲ ಬರ್ಕೋತೀನಿ. ಸರಿಯಾಗಿ ಆ ಕ್ಷಣಕ್ಕೆ ಮ್ಯೂಟ್! ನನ್ನ ತಪ್ಪಿನ ಮಿತಿ ಅರ್ಧ ಸೆಕೆಂಡು!"

ಮೇಜು ಗುದ್ದಿದ ರಭಸಕ್ಕೆ ಗುಂಡಣ್ಣನವರ ಚಹಾ ಚೆಲ್ಲಿತು.

ಶನಿವಾರ ಬೆಳಿಗ್ಗೆ ಮನೆಯಲ್ಲಿ ಪೂರ್ವಪರೀಕ್ಷೆ. ಎರಡು ಕಾಲಂ ಎಳೆದೆ: ಗುಣ, ದೋಷ. ಚಿತ್ರ ಮುಗಿದಾಗ ದೋಷ ಇಪ್ಪತ್ತೆರಡು, ಪ್ರತಿಯೊಂದಕ್ಕೂ ನಿಮಿಷ, ಸೆಕೆಂಡು ಸಮೇತ. ಗುಣ ಒಂದು: 'ಛಾಯಾಗ್ರಹಣ ಸ್ಪಷ್ಟವಾಗಿದೆ.'

"ಗುಣ ಇಷ್ಟೇಯಾ?" ಪ್ರಭಾ ಪಟ್ಟಿ ಕಿತ್ತುಕೊಂಡಳು. "ನೀವು ಎರಡು ಸಲ ನಕ್ಕದ್ದು ನಾನು ನೋಡಿದ್ದೇನೆ ಮಾರಾಯ್ರೆ."

"ಅದು ಕೆಮ್ಮು."

"ಆಯ್ತು, ಕೆಮ್ಮು. ನಾಳೆ ಮಾತ್ರ ನೀವು ಗೋಡೆ ಕಡೆ ತಿರುಗಿ ಕೂತ್ಕೊಳ್ಳಬೇಕು. ಗಂಡಸು ಎದುರಿಗೆ ಕೂತು ನೋಡ್ತಾ ಇದ್ರೆ ಯಾರಿಗಾದ್ರೂ ನಗು ಬರ್ತದಾ?"

ಹಾಗಾಗಿ ಗೋಡೆ.

ಚಿತ್ರ ಶುರುವಾದದ್ದೇ ಸ್ಟಾಪ್‌ವಾಚ್ ಒತ್ತಿದೆ. ಏಳು ನಿಮಿಷ ಹದಿನಾಲ್ಕನೇ ಸೆಕೆಂಡು. ದೋಷ ಒಂದು. ಮ್ಯೂಟ್! ಮೂರು ಸೆಕೆಂಡು ನಿಶ್ಶಬ್ದ. ಬೆನ್ನ ಹಿಂದೆ ಯಾರೋ ಕಿಸಕ್ಕೆಂದರು. ನಾನು ಹೆಮ್ಮೆಯಿಂದ ಟಿಕ್ ಹಾಕಿದೆ.

ಎರಡು ನಿಮಿಷವೂ ಕಳೆದಿರಲಿಲ್ಲ. ನಾನು ಈಗಷ್ಟೇ ಮುಚ್ಚಿದ್ದ ಅದೇ ಮಾತು ಎರಡು ದೊಡ್ಡ ಸ್ಪೀಕರಿನಲ್ಲಿ ಗಂಟೆ ಹೊಡೆದಂತೆ ಮೊಳಗಿತು! ಆದರೆ ಗಾಬರಿಯಲ್ಲೂ ವಿಧಾನ ಬಿಡಬಾರದು. ಕಿವಿ ತಪ್ಪಬಹುದು, ಸ್ಟಾಪ್‌ವಾಚ್ ತಪ್ಪುವುದಿಲ್ಲ. ಅಂದಮೇಲೆ ಈ ಮಾತು ಚಿತ್ರದಲ್ಲಿ ಎರಡು ಸಲ ಬರುತ್ತದೆ. ಪಟ್ಟಿಯ ಕೆಳಗೆ ಹೊಸದಾಗಿ ಬರೆದೆ: 'ದೋಷ ಇಪ್ಪತ್ತಮೂರು: ಪುನರುಕ್ತಿ.'

ಅರ್ಧ ಗಂಟೆಯಲ್ಲಿ ಏಳು ಪುನರುಕ್ತಿಗಳಾದವು. ಎಂಥ ಸೋಮಾರಿ ಬರಹಗಾರರು ಅಂದುಕೊಂಡೆ!

ನಾನು ಮುಚ್ಚುತ್ತಿದ್ದದ್ದು ಏನನ್ನು ಎಂಬುದು ಆಮೇಲೆ ಗೊತ್ತಾಯಿತು. ಹೋಟೆಲ್ ಮ್ಯಾನೇಜರ್ ಬಂದು, "ಮೇಡಂ, ಮಂಚಕ್ಕೆ ಇನ್ನೊಂದು..." ಮ್ಯೂಟ್. ಅವನು ಕೇಳಿದ್ದು ದಿಂಬು. ನಡುವಿನ ವಾರಗಿತ್ತಿ, "ನಮ್ಮವರು ಶುರು ಮಾಡಿದ್ರೆ ಪಕ್ಕದ ಬಿಲ್ಡಿಂಗಿಗೂ ಕೇಳ್ಸತ್ತೆ ಅವರ..." ಮ್ಯೂಟ್. ಅವಳು ಹೇಳಿದ್ದು ಗೊರಕೆ. ನಾನು ಬಿಟ್ಟ ಖಾಲಿ ಜಾಗವನ್ನು ನಲವತ್ತೊಂದು ಹೆಂಗಸರು ತಂತಮ್ಮ ಅನುಭವದಿಂದ ತುಂಬುತ್ತಿದ್ದರು. ಮೂರನೇ ಸಾಲಿನಿಂದ ಒಂದು ತುಳು ಮಾತು ಹಾರಿಬಂದು ಇಡೀ ಸಭಾಂಗಣ ಕುರ್ಚಿ ಬಡಿಯಿತು. ಅದರ ಅರ್ಥವನ್ನು ಪ್ರಭಾ ನನಗೆ ಇವತ್ತಿನವರೆಗೂ ಹೇಳಿಲ್ಲ.

ಒಂದು ಗಂಟೆ ಇಪ್ಪತ್ತೊಂದನೇ ನಿಮಿಷ. ಹಿಂದೆ ಯಾಕೋ ಎಲ್ಲರೂ ಸುಮ್ಮನಾಗಿದ್ದರು. ಹಿರಿಯ ವಾರಗಿತ್ತಿಯ ದನಿ ಮಾತ್ರ: "ಮೂವತ್ತು ವರ್ಷದಲ್ಲಿ ನಿನಗೇನು ಬೇಕು ಅಂತ ಯಾರೂ ಕೇಳಲಿಲ್ಲ. ನನಗೆ ಬೇಕಾಗಿರೋದು ಒಂದೇ. ಅದು..."

ನನ್ನ ಹೆಬ್ಬೆರಳು ತನ್ನ ಕರ್ತವ್ಯ ಮಾಡಿತು. ಪೂರಾ ಆರು ಸೆಕೆಂಡು.

ಸಭಾಂಗಣ ಸಿಡಿಯಿತು! ಹೊರಗಿನಿಂದ ಗುಂಡಣ್ಣ ಬಾಗಿಲು ಬಡಿದರು, "ಏನಾತ್ರೀ ಮುರಾರಿ, ಒಳಗ?" ಕಾಲೇಜಿಗೆ ಹೋಗುವ ನನ್ನ ಮಗಳು ಅಪೇಕ್ಷಾ ಹಿಂದಿನ ಸಾಲಿನಿಂದ ಓಡಿಬಂದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

"ಪಪ್ಪಾ, ಕ್ಯಾ ಕರ್ ರಹೇ ಹೋ! ಘರ್ ಪೆ ಆಪ್ನೆ 'ಸ್ಕಿಪ್ ಇಂಟ್ರೋ' ದಬಾಯಾ ಥಾ! ಯಹಾಂ ಪೂರಾ ಟೈಟಲ್ ಚಲಾ ಹೈ!"

ಹೌದು. ಮನೆಯಲ್ಲಿ ನಟರ, ನಿರ್ಮಾಪಕರ ಹೆಸರುಗಳನ್ನೆಲ್ಲ ಹಾರಿಸಿ ನೋಡಿದ್ದೆ. ಇಲ್ಲಿ ಅವು ಒಂದೂ ಬಿಡದೆ ಓಡಿದ್ದವು. ಒಟ್ಟು ಒಂದು ನಿಮಿಷ ಐವತ್ತು ಸೆಕೆಂಡು. ನನ್ನ ಪ್ರತಿ ಮ್ಯೂಟೂ ಅಷ್ಟು ಮುಂಚೆ! ಇಪ್ಪತ್ತಾರು ವರ್ಷದಿಂದ ಹೊಸ ಹುಡುಗರಿಗೆಲ್ಲ ನಾನು ಮಾಡುವ ಮೊದಲ ಪಾಠ ಒಂದೇ: ಗೇಜಿನ ಮುಳ್ಳು ಸೊನ್ನೆಯ ಮೇಲಿದೆಯೋ ಇಲ್ಲವೋ, ಮೊದಲು ಅದನ್ನು ನೋಡಿ.

ರಿಮೋಟ್ ಕೆಳಗಿಟ್ಟೆ. ಉಳಿದ ಒಂಬತ್ತು ದೋಷಗಳು ಯಾವ ಅಡ್ಡಿಯೂ ಇಲ್ಲದೆ ಮೆರವಣಿಗೆ ಹೋದವು.

ಚಿತ್ರ ಮುಗಿಯಿತು. ಗುಂಡಣ್ಣ ನೋಟ್‌ಬುಕ್ ಹಿಡಿದು ಒಳಗೆ ಬಂದರು. "ಯಾರದರೆ ದೂರು ಐತೇನ್ರಿ?"

ಮೊದಲ ಸಾಲಿನಲ್ಲಿ ಒಂದು ಊರುಗೋಲು ಮೇಲೆದ್ದಿತು. ಅಕ್ಕು ಅಜ್ಜಿ. ಎಂಬತ್ತೊಂದು ವರ್ಷ, ಥಾಣೆಯ ನೌಪಾಡಾದಲ್ಲಿ ಮನೆಯವರ ಹೋಟೆಲಿನ ಅಡಿಗೆ ಮನೆ ಆಳಿದವರು.

"ಉಂಟು."

ಪ್ರಭಾ ನನ್ನ ತೋಳು ಹಿಡಿದಳು. ಗುಂಡಣ್ಣ ಪೆನ್ನಿನ ಮುಚ್ಚಳ ತೆಗೆದರು.

"ಆ ದೊಡ್ಡವಳು ಎಂತ ಬೇಕು ಅಂತ ಕೇಳಿದ್ದು?" ಅಂದರು ಅಕ್ಕು ಅಜ್ಜಿ. "ಈ ಪ್ರಾಣಿ ಅಲ್ಲಿಗೇ ಬಾಯಿ ಮುಚ್ಚಿಸಿದ. ಅದು ಗೊತ್ತಾಗದೆ ನಾನು ಮನೆಗೆ ಹೋಗುವುದಿಲ್ಲ."

ಎಂಬತ್ತೆರಡು ಕಣ್ಣುಗಳು ನನ್ನ ಮೇಲೆ. ಮೊದಲ ಬಾರಿಗೆ ಗೋಡೆ ಬಿಟ್ಟು ಅವರ ಕಡೆ ತಿರುಗಿದೆ.

"ಬಿಸಿ ಊಟ," ಅಂದೆ. "ಬೇರೆ ಯಾರಾದರೂ ಬಡಿಸಿದ್ದು."

ಯಾರೂ ನಗಲಿಲ್ಲ.

"ಅಷ್ಟೇಯಾ?" ಅಜ್ಜಿ ಊರುಗೋಲು ಕುರ್ಚಿಗೆ ಒರಗಿಸಿದರು. "ನಲವತ್ತು ವರ್ಷ ಥಾಣೆಗೆಲ್ಲ ಬಿಸಿಬಿಸಿ ಕೊಟ್ಟೆ ನಾನು. ನಾನು ಉಣ್ಣುವಾಗ ಆರಿರ್ತಿತ್ತು." ಆಮೇಲೆ ನನ್ನತ್ತ ತಿರುಗಿ, "ಮತ್ತೆ ಎಂತ ನಿಂತದ್ದು? ಅಲ್ಲಿ ಇಡ್ಲಿ ಆರ್ತಾ ಉಂಟು!"

ನಾನು ಇಡ್ಲಿ ಪಾತ್ರೆ ಹಿಡಿದೆ. ಗುಂಡಣ್ಣ ಏನು ಮಾಡಬೇಕೆಂದು ತಿಳಿಯದೆ ಸಾಂಬಾರಿನ ಸೌಟು ಹಿಡಿದರು. ಎರಡನೇ ಸುತ್ತಿನಲ್ಲಿ ಅವರು ಮೆಲ್ಲಗೆ, "ಅಜ್ಜಿ, ಇದನ್ನ ದೂರು ಅಂತ ಬರ್ಕೊಳ್ಳಲೇನ್ರಿ?" ಅಂದರು.

"ಬರ್ಕೋ. ಸಿನಿಮಾದ ಮೇಲಲ್ಲ, ಇವನ ಗಡಿಯಾರದ ಮೇಲೆ. ಸಾಂಬಾರ್ ಹಾಕು."

ಕ್ಯಾರಂ ತಂಡ ಇನ್ನೂ ಕಾಯುತ್ತಿದೆ.

ಸಂಜೆ ಪಟ್ಟಿ ತಿದ್ದಿದೆ. ದೋಷ: ವಾಂತಿ ಮಾಡುವ ಜೋಕು ಎರಡು ಸಲ ಇದೆ. (ಇದು ನಿಜವಾದ ಪುನರುಕ್ತಿ, ಪರೀಕ್ಷಿಸಿದ್ದೇನೆ.) ಕೊನೆಯ ಅರ್ಧ ಗಂಟೆ ಬರೀ ಭಾಷಣ. ಮೂವರು ಗಂಡಂದಿರೂ ಒಂದೇ ಹಾಡಿನಲ್ಲಿ ಸುಧಾರಿಸುತ್ತಾರೆ. ಸ್ವಾನುಭವದ ಪ್ರಕಾರ ಇದು ಅಸಾಧ್ಯ. ಗುಣ: ಮೂವರೂ ಜಗಳವಾಡುತ್ತಾರೆ, ಆದರೆ ಒಬ್ಬಳನ್ನೂ ಹಿಂದೆ ಬಿಟ್ಟು ಹೋಗುವುದಿಲ್ಲ. ಪೋಲಿ ಮಾತು ನಗಿಸುತ್ತದೆ, ಅದರ ಪಕ್ಕದ ಸಾದಾ ಮಾತು ಮನೆವರೆಗೂ ಬರುತ್ತದೆ. ನಾನು ಎರಡು ಸಲ ಕೆಮ್ಮಿದ್ದು ನಗು.

ಪ್ರಭಾ ಓದಿದಳು. ನಾನೇ ಬಡಿಸಿದ ಬಿಸಿ ಅನ್ನ ಉಣ್ಣುತ್ತಾ ಫೋನಿನಲ್ಲಿ ಏನೋ ಟೈಪ್ ಮಾಡಿದಳು. ನನ್ನ ಫೋನ್ ಕುಂಯ್ಗುಟ್ಟಿತು. ಮಹಿಳಾ ವಿಭಾಗದ ಮುಂದಿನ ತಿಂಗಳ ಆಮಂತ್ರಣ:

'ಚಿತ್ರದ ಆಯ್ಕೆ: ಅಕ್ಕು ಅಜ್ಜಿ. ಇಡ್ಲಿ ಬಡಿಸುವವರು: ಗುಂಡಣ್ಣ. ಸದಸ್ಯೆಯರ ಒತ್ತಾಯದ ಮೇರೆಗೆ, ಧ್ವನಿ ನಿಯಂತ್ರಣ: ಮುರಾರಿ. ತಪ್ಪಿನ ಮಿತಿ: ಅರ್ಧ ಸೆಕೆಂಡು.'